ಮೇಳದ ಹುಡುಗನಿಗೆ ಮಗಳನ್ನು ಕೊಡುವ ಮೊದಲು

ಮಾನ್ಯ ತಾಯಿಯವರಿಗೆ ನಮಸ್ಕಾರಗಳು.

ಕುಂದಾಪುರದ ಸಮೀಪದ ನಿಮ್ಮ ಹಳ್ಳಿಯಿಂದ ನೀವು ಬರೆದ ಆರು ಪುಟಗಳ ಪತ್ರ ಕೈಸೇರಿ ಮೂರು ವಾರಗಳಾದವು. ಹೆಸರನ್ನೂ ಊರನ್ನೂ ಪ್ರಕಟಿಸಬಾರದೆಂದು ಕೇಳಿಕೊಂಡಿದ್ದೀರಿ; ಆ ಮಾತನ್ನು ನಡೆಸಿಕೊಡುತ್ತೇವೆ. ಉಳಿದ ಓದುಗರಿಗೆ ಸಂಗತಿ ತಿಳಿಯಬೇಕಾದ್ದರಿಂದ ಪತ್ರದ ಸಾರವನ್ನಷ್ಟೇ ಇಲ್ಲಿ ಕೊಡುತ್ತೇನೆ. ಉಡುಪಿಯ ಬ್ಯಾಂಕೊಂದರಲ್ಲಿ ಕೆಲಸದಲ್ಲಿರುವ ನಿಮ್ಮ ಮಗಳು, ಯಕ್ಷಗಾನದ ಹರಕೆ ಆಟದ ಮೇಳವೊಂದರಲ್ಲಿ ವೇಷ ಮಾಡುವ ಹುಡುಗನನ್ನು ಮೆಚ್ಚಿದ್ದಾಳೆ. ಯಜಮಾನರು ಒಪ್ಪಿದ್ದಾರೆ, ನಿಮಗೆ ಮನಸ್ಸು ಒಡಂಬಡುತ್ತಿಲ್ಲ. ನೀವು ಕೇಳಿರುವ ಪ್ರಶ್ನೆಗಳು ನಾಲ್ಕು. ಪ್ರೀತಿಯೊಂದನ್ನೇ ನಂಬಿ ಸಂಸಾರ ಕಟ್ಟಬಹುದೇ? ವರ್ಷದಲ್ಲಿ ಆರು ತಿಂಗಳು ರಾತ್ರಿ ಹೊತ್ತು ಮನೆಯಲ್ಲಿರದ ಗಂಡನ ಜೊತೆಗಿನದು ಎಂಥ ದಾಂಪತ್ಯ? ಕಲೆಯನ್ನು ಉದ್ಯೋಗವೆಂದು ಲೆಕ್ಕ ಹಿಡಿಯಬಹುದೇ? ಎಲ್ಲವನ್ನೂ ಆತ ದೇವಿಯ ಸೇವೆ ಎಂದುಬಿಟ್ಟರೆ ಹೆಣ್ಣು ಹೆತ್ತವರು ಎದುರು ಮಾತಾಡುವುದು ಹೇಗೆ? ಐದನೆಯದೊಂದನ್ನು ಕೊನೆಯ ಪುಟದಲ್ಲಿ ಬರೆದು ಹೊಡೆದುಹಾಕಿದ್ದೀರಿ. ಆದರೂ ಅಕ್ಷರಗಳು ಓದಲು ಸಿಗುತ್ತವೆ. ಹುಡುಗ ಮಾಡುವುದು ಸ್ತ್ರೀವೇಷ ಎಂಬುದು ನಿಮ್ಮ ಮನಸ್ಸನ್ನು ಕೊರೆಯುತ್ತಿದೆ.

ಪತ್ರವನ್ನು ಓದಿ ಮಡಚಿಟ್ಟಾಗ ನನಗೆ ಮೊದಲು ನೆನಪಾದವರು ನನ್ನ ಅತ್ತೆ, ಅಂದರೆ ಸೋದರಮಾವನ ಹೆಂಡತಿ. ಮಾವ ಮೂವತ್ತು ವರ್ಷ ಮೇಳದಲ್ಲಿದ್ದವರು, ಪುರುಷವೇಷದಲ್ಲಿ ಸಾಕಷ್ಟು ಹೆಸರು ಮಾಡಿದವರು. ಆಗಿನ ತಿರುಗಾಟವೆಂದರೆ ದೀಪಾವಳಿ ಕಳೆದು ಹೊರಟವರು ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ, ಗೆಜ್ಜೆ ಬಿಚ್ಚಿ ಮನೆಗೆ ಬರುವುದು. ನಡುವೆ ನಮ್ಮ ಸೀಮೆಯಲ್ಲೇ ಎಲ್ಲಾದರೂ ಆಟವಿದ್ದರೆ ಮಾತ್ರ ಮೊದಲ ಬಸ್ಸಿಗೆ ಬಂದು ಒಂದು ಹಗಲು ಮನೆಯಲ್ಲಿರುತ್ತಿದ್ದರು. ರಜೆಯಲ್ಲಿ ಅವರ ಮನೆಯಲ್ಲೇ ಇರುತ್ತಿದ್ದ ನನಗೆ ಆ ಬೆಳಗುಗಳು ಕಣ್ಣಿಗೆ ಕಟ್ಟಿದಂತಿವೆ. ಮಾವ ಜಗಲಿಯ ಅಂಚಿನಲ್ಲಿ ಕೂರುತ್ತಿದ್ದರು. ಅತ್ತೆ ಗೆರಟೆಯಲ್ಲಿ ತೆಂಗಿನೆಣ್ಣೆಯನ್ನೂ ಹಳೆಯ ಸೀರೆಯ ಒಂದು ತುಂಡನ್ನೂ ಹಿಡಿದು ಬಂದು, ವೇಷ ಕಟ್ಟಿ ಬಿಚ್ಚುವ ಚೌಕಿಯಲ್ಲಿ ಅವಸರದಿಂದ ಒರೆಸಿದ್ದರಿಂದ ಕಿವಿಯ ಹಿಂಭಾಗದಲ್ಲಿ, ಕೂದಲಿನ ಬುಡದಲ್ಲಿ, ಕಣ್ಣಿನ ಕೊನೆಯಲ್ಲಿ ಉಳಿದುಕೊಂಡ ಬಣ್ಣವನ್ನು ಮೆತ್ತಗೆ ತೆಗೆಯುತ್ತಿದ್ದರು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಹಂಡೆಯಲ್ಲಿ ನೀರು ಕಾದಿರುತ್ತಿತ್ತು. ಮಿಂದು, ಗಂಜಿ ಉಂಡು ಮಲಗಿದರೆಂದರೆ ಮಧ್ಯಾಹ್ನ ಎರಡು ಗಂಟೆಯವರೆಗೆ ಆ ಮನೆಯಲ್ಲಿ ಪಾತ್ರೆಯ ಸದ್ದೂ ಕೇಳುತ್ತಿರಲಿಲ್ಲ, ಮಕ್ಕಳಾದ ನಮ್ಮನ್ನು ಅತ್ತೆ ತೋಟದ ಆಚೆಗೆ ಅಟ್ಟಿಬಿಡುತ್ತಿದ್ದರು. ಪ್ರೀತಿ ಎಂದಾಗ ನನ್ನ ಕಣ್ಣ ಮುಂದೆ ಬರುವುದು ಆ ಗೆರಟೆಯ ಎಣ್ಣೆ.

ಆದರೆ ಅದೇ ಅತ್ತೆ ಎರಡು ಹಸು ಕಟ್ಟಿ, ಹಾಲು ಡೈರಿಗೆ ಹಾಕಿ ಮನೆ ನಡೆಸಿದವರು ಎಂಬುದನ್ನೂ ಹೇಳದಿದ್ದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಮಾವನ ವರ್ಷದ ಸಂಬಳದಲ್ಲಿ ಒಂದು ಪಾಲು ಮೇಳ ಹೊರಡುವ ಮೊದಲೇ ಮುಂಗಡವಾಗಿ ಬಂದು, ಹಳೆಯ ಸಾಲಕ್ಕೆ ಜಮೆಯಾಗಿ, ಸಂಕ್ರಾಂತಿಯ ಹೊತ್ತಿಗೆ ಕೈ ಬರಿದಾಗಿರುತ್ತಿತ್ತು. ಮಳೆಗಾಲದ ನಟ್ಟಿಗೆ ಆಳು ಕರೆಯುವುದು, ಮಕ್ಕಳ ಶಾಲೆ, ಅತ್ತೆಯ ಅತ್ತೆಯ ಕಾಯಿಲೆ, ಎಲ್ಲವೂ ಅವರೊಬ್ಬರ ತಲೆಯ ಮೇಲೆ. ಒಮ್ಮೆ ನಾನು ದೊಡ್ಡವನಾದ ಮೇಲೆ ಮಾವನ ಹೆಸರು ಪೇಪರಿನಲ್ಲಿ ಬಂದದ್ದನ್ನು ಅವರಿಗೆ ಓದಿ ಹೇಳಿದೆ. ಸಂತೋಷದಿಂದಲೇ ಕೇಳಿದರು. ಆಮೇಲೆ, "ಆಟ ಅವ್ರದ್, ನಿದ್ರಿ ಕೆಟ್ಟದ್ ನಂದೂ ಹೌದ್" ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ, ಲೆಕ್ಕವಿತ್ತು. ನಿಮ್ಮ ಪತ್ರಕ್ಕೆ ನಾನು ಕೊಡಬೇಕಾದ ಉತ್ತರವೂ ಆ ಲೆಕ್ಕದಲ್ಲೇ ಇದೆ ಎಂದು ನನಗೆ ತೋರುತ್ತದೆ. ಪ್ರೀತಿ, ದಾಂಪತ್ಯ, ಕಲೆ, ಭಕ್ತಿ ಇವೆಲ್ಲ ದೊಡ್ಡ ಮಾತುಗಳು, ನಿಜವಾದ ಮಾತುಗಳು. ಅವುಗಳ ಹೆಸರಿನಲ್ಲಿ ಯಾರದೋ ದುಡಿಮೆ ಲೆಕ್ಕಕ್ಕೆ ಸಿಗದೆ ಹೋಗುತ್ತದೆಯೇ ಎಂಬುದನ್ನು ನೀವೂ ಮಗಳೂ ಆ ಹುಡುಗನೂ ಕೂಡಿ ನೋಡಬೇಕು.

ಸೇವೆಯ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಮಗೆ ಬಾಯಿ ಕಟ್ಟುವಂತೆ ಮಾಡಿರುವುದು ಅದೇ. ಹರಕೆ ಆಟ ಹುಟ್ಟುವುದೇ ಒಂದು ಕುಟುಂಬದ ಸಂಕಟದಲ್ಲಿ. ಮಗುವಾಗಲೆಂದೋ, ಕಾಯಿಲೆ ವಾಸಿಯಾಗಲೆಂದೋ, ಕೋರ್ಟಿನ ವ್ಯಾಜ್ಯ ತೀರಲೆಂದೋ ಯಾರೋ ಕಟೀಲಿನ ಅಮ್ಮನಿಗೋ ಮಂದಾರ್ತಿಯ ಅಮ್ಮನಿಗೋ ಒಂದು ಆಟ ಹೇಳಿಕೊಳ್ಳುತ್ತಾರೆ. ಹೇಳಿಕೊಂಡವರ ಸಂಖ್ಯೆ ಎಷ್ಟಿದೆಯೆಂದರೆ, ಒಂದೊಂದು ಕ್ಷೇತ್ರದಿಂದ ಹಲವು ಮೇಳಗಳು ಏಕಕಾಲಕ್ಕೆ ಹೊರಟರೂ ಸರದಿಗಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಸರದಿ ಬಂದ ದಿನ ಗದ್ದೆಯಲ್ಲಿ ರಂಗಸ್ಥಳ ಏಳುತ್ತದೆ, ಚೌಕಿಯಲ್ಲಿ ಗಣಪತಿಯ ಮುಂದೆ ದೀಪ ಹಚ್ಚಿ ಪೂಜೆಯಾಗುತ್ತದೆ, ಊರಿಗೆಲ್ಲ ಊಟವಿರುತ್ತದೆ. ದೇವಿ ಮಹಾತ್ಮೆಯ ಪ್ರಸಂಗದಲ್ಲಿ ಮಹಿಷಾಸುರ ದೊಂದಿಯ ಬೆಳಕಿನಲ್ಲಿ, ರಾಳದ ಬೆಂಕಿ ಭುಗಿಲೆನ್ನುತ್ತಿರುವಂತೆ ಜನರ ನಡುವಿನಿಂದಲೇ ನುಗ್ಗಿ ಬರುವಾಗ ಆಟ ಆಡಿಸಿದ ಮನೆಯ ಯಜಮಾನ ಕೈಮುಗಿದು ಎದ್ದು ನಿಲ್ಲುವುದನ್ನು ನೀವೂ ನೋಡಿರುತ್ತೀರಿ. ಆ ಹೊತ್ತಿನಲ್ಲಿ ವೇಷಧಾರಿಗೆ ತಾನು ಸೇವೆ ಮಾಡುತ್ತಿದ್ದೇನೆ ಅನ್ನಿಸಿದರೆ ಅದು ಸುಳ್ಳಲ್ಲ. ಚೌಕಿಯಲ್ಲಿ ಗೆಜ್ಜೆಯನ್ನು ಕಣ್ಣಿಗೊತ್ತಿಕೊಂಡು ಕಟ್ಟುವ ಕಲಾವಿದರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನೋಡುವವರು ಯಾರೂ ಇಲ್ಲದಾಗಲೂ ಅವರು ಹಾಗೆಯೇ ಮಾಡುತ್ತಾರೆ.

ಆದರೆ ಅಮ್ಮಾ, ಸೇವೆ ಎಂಬ ಮಾತು ದೇವಿಗೂ ವೇಷಧಾರಿಗೂ ನಡುವಿನದು. ಅದು ಸಂಬಳದ ಪಟ್ಟಿಯಲ್ಲಿ ಬರಬಾರದು. ದೇವರ ಕೆಲಸವಲ್ಲವೇ, ಕೊಟ್ಟಷ್ಟು ತೆಗೆದುಕೋ ಎಂದು ಕಲಾವಿದನಿಗೆ ಹೇಳುವುದೂ, ನಾನು ಸೇವೆಗೆ ಹೋಗಿದ್ದೇನೆ, ಮನೆಯ ಮಾತು ಎತ್ತಬೇಡ ಎಂದು ಕಲಾವಿದ ಹೆಂಡತಿಗೆ ಹೇಳುವುದೂ ಒಂದೇ ಬಗೆಯ ಅನ್ಯಾಯ. ಮೊದಲನೆಯದನ್ನು ಉಂಡವನು ಎರಡನೆಯದನ್ನು ಮಾಡುವುದು ಇನ್ನೂ ದುಃಖದ ಸಂಗತಿ. ಆದ್ದರಿಂದ ನೀವು ಎದುರು ಮಾತಾಡಬಹುದು, ಆಡಬೇಕು ಕೂಡ. ತಿರುಗಾಟಕ್ಕೆ ಎಷ್ಟು ಸಂಬಳ, ಎಷ್ಟು ಮುಂಗಡವಾಗಿ ಬಂದಿದೆ, ಸಾಲವೆಷ್ಟಿದೆ, ಮಳೆಗಾಲದ ನಾಲ್ಕೈದು ತಿಂಗಳ ದಾರಿಯೇನು ಎಂದು ಭಾವೀ ಅಳಿಯನನ್ನು ಕೇಳುವುದರಿಂದ ದೇವಿಗೆ ಅಪಚಾರವಾಗುವುದಿಲ್ಲ. ಬ್ಯಾಂಕಿನ ಹುಡುಗನನ್ನಾದರೆ ಕೇಳುತ್ತಿರಲಿಲ್ಲವೇ?

ಕಲೆ ಉದ್ಯೋಗವೇ ಎಂಬ ಪ್ರಶ್ನೆಗೆ ಇದರಿಂದಲೇ ಉತ್ತರ ಬಂದಂತಾಯಿತು. ಅದು ಉದ್ಯೋಗವೇ, ಕಷ್ಟದ ಉದ್ಯೋಗ. ಮಾವನ ಕಾಲದಂತೆ ಅದು ಈಗ ಇಲ್ಲ ಎಂಬುದು ಮಾತ್ರ ನಿಮ್ಮ ಗಮನದಲ್ಲಿರಲಿ. ಮಳೆಗಾಲದಲ್ಲಿ ಬೆಂಗಳೂರು, ಮುಂಬಯಿಗಳಲ್ಲಿ ಆಟ, ವೇಷವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆಗಳಿರುತ್ತವೆ. ಕೆಲವೇ ಜನ ಕೂಡಿ ಸಂಜೆ ಹೊತ್ತು ಮನೆಮನೆಗೆ ಹೋಗಿ ಅರ್ಧ ಗಳಿಗೆ ಹಾಡಿ ಕುಣಿದು ಬರುವ ಚಿಕ್ಕಮೇಳಗಳಿವೆ. ಶಾಲೆಗಳಲ್ಲಿ ಮಕ್ಕಳಿಗೆ ಹೆಜ್ಜೆ ಕಲಿಸುವವರಿದ್ದಾರೆ. ಉಡುಪಿಯ ಯಕ್ಷಗಾನ ಕಲಾರಂಗ 1975ರಿಂದ ಇದೆ, ಕಲಾವಿದರ ವಿಮೆ, ಮನೆ, ಮಕ್ಕಳ ಓದು ಇಂಥವುಗಳಿಗೆ ನೆರವಾಗುತ್ತ ಬಂದಿದೆ. ಹುಡುಗ ಇದರಲ್ಲಿ ಯಾವುದಕ್ಕೆ ಕೈ ಚಾಚಿದ್ದಾನೆ, ಯಾವುದರ ಬಗ್ಗೆ ಯೋಚಿಸಿಯೇ ಇಲ್ಲ ಎಂಬುದರಿಂದ ಅವನ ಸ್ವಭಾವ ನಿಮಗೆ ಗೊತ್ತಾಗುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಯೇ ನಿಜವಾಗಿ ಭಾರವಾದದ್ದು. ಅದಕ್ಕೆ ಉತ್ತರವನ್ನು ಮೇಳದವರೇ ಪ್ರತಿ ವರ್ಷ ರಂಗದ ಮೇಲೆ ಹುಡುಕುತ್ತಾರೆ. ಸುಧನ್ವನ ಕಥೆ ನಿಮಗೆ ಗೊತ್ತಿದೆ. ಲಕ್ಷ್ಮೀಶನ ಜೈಮಿನಿ ಭಾರತದಿಂದ ಯಕ್ಷಗಾನಕ್ಕೆ ಬಂದದ್ದು. ಧರ್ಮರಾಯನ ಯಾಗದ ಕುದುರೆ ಚಂಪಕಾಪುರಿಗೆ ಬಂದಾಗ ರಾಜ ಹಂಸಧ್ವಜ ಅದನ್ನು ಕಟ್ಟಿಹಾಕಿ, ಯುದ್ಧಕ್ಕೆ ತಡವಾಗಿ ಬಂದವರನ್ನು ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕುವುದಾಗಿ ಡಂಗುರ ಹೊಯ್ಸುತ್ತಾನೆ. ಅವನ ಮಗ ಸುಧನ್ವ ಹೊರಡುವಾಗ ಹೆಂಡತಿ ಪ್ರಭಾವತಿ ಅಡ್ಡ ಬಂದು, ತನಗೆ ಸಂತಾನವನ್ನು ಕರುಣಿಸಿ ಹೋಗೆಂದು ಬೇಡುತ್ತಾಳೆ. ಅವಳ ಮಾತಿಗೆ ನಿಂತದ್ದರಿಂದ ತಡವಾಗುತ್ತದೆ, ತಂದೆಯ ಆಜ್ಞೆಯಂತೆ ಕೊಪ್ಪರಿಗೆಗೆ ಬೀಳುತ್ತಾನೆ, ಹರಿಯನ್ನು ನೆನೆದವನಿಗೆ ಎಣ್ಣೆ ಸುಡುವುದಿಲ್ಲ. ಕರ್ತವ್ಯ, ದಾಂಪತ್ಯ, ಭಕ್ತಿ ಮೂರೂ ಒಂದೇ ರಾತ್ರಿ ಒಬ್ಬನ ಕೈ ಹಿಡಿದು ಎಳೆಯುವ ಕಥೆ ಇದು. ನನ್ನ ಮಾವ ಸುಧನ್ವನ ವೇಷಕ್ಕೆ ಹೆಸರಾದವರು. ನಮ್ಮೂರಿನ ಗದ್ದೆಯಲ್ಲಿ ಅವರ ಆಟವಾದ ಒಂದು ರಾತ್ರಿ ಅತ್ತೆ ಹೆಂಗಸರ ನಡುವೆ ಶಾಲು ಹೊದ್ದು ಕೂತಿದ್ದರು. ಪ್ರಭಾವತಿ ಸುಧನ್ವನನ್ನು ತಡೆಯುವ ಸಂದರ್ಭ ಮುಗಿಯುವವರೆಗೆ ಕಣ್ಣು ಕೀಳದೆ ನೋಡಿದರು. ಅದಾದ ಮೇಲೆ ಎದ್ದು ಮನೆಗೆ ನಡೆದರು. ಕೊಪ್ಪರಿಗೆಯನ್ನು ನೋಡಲು ನಿಲ್ಲಲಿಲ್ಲ. ಹೊತ್ತು ಮೂಡುವ ಮೊದಲು ಹಾಲು ಕರೆಯಬೇಕಿತ್ತು.

ಆ ಪ್ರಸಂಗದಲ್ಲಿ ಪ್ರಭಾವತಿಯ ಪಾತ್ರ ಮಾಡುವವನಿಗೆ ದೊಡ್ಡ ಹೊಣೆಯಿದೆ. ಯಕ್ಷಗಾನದ ಮಾತು ಬಾಯಿಪಾಠದ್ದಲ್ಲ. ಹಾಡುಗಾರರಾದ ಭಾಗವತರು ಪದ ಹೇಳಿದ ಮೇಲೆ ಅರ್ಥವನ್ನು ಕಲಾವಿದ ಅಲ್ಲೇ ಕಟ್ಟಬೇಕು. ಪ್ರಭಾವತಿಯನ್ನು ಕಾಲಿಗೆ ತೊಡಕಾದ ಹೆಂಗಸೆಂದು ಚಿತ್ರಿಸಿದರೆ ಪ್ರಸಂಗ ಅಲ್ಲಿಗೇ ಸೋತಂತೆ. ನಿನ್ನ ಕರ್ತವ್ಯದಷ್ಟೇ ನನ್ನ ಬೇಡಿಕೆಗೂ ಧರ್ಮದ ಬೆಂಬಲವಿದೆ ಎಂದು ಅವಳು ವಾದಿಸಬೇಕು, ಸುಧನ್ವ ಅದಕ್ಕೆ ಮಣಿಯಬೇಕು, ಮಣಿದದ್ದು ಸರಿಯೆಂದು ಸಭೆಗೂ ಅನ್ನಿಸಬೇಕು. ಇದನ್ನು ಚೆನ್ನಾಗಿ ಮಾಡುವ ಗಂಡಸು ಹೆಂಡತಿಯ ಪಕ್ಷದ ಮಾತುಗಳನ್ನು ತನ್ನೊಳಗೆ ಹುಡುಕಿ ತೆಗೆದವನಾಗಿರುತ್ತಾನೆ. ನೀವು ಬರೆದು ಹೊಡೆದುಹಾಕಿದ ಐದನೆಯ ಪ್ರಶ್ನೆಗೆ ನನ್ನ ಉತ್ತರ ಇದೇ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಕೋಳ್ಯೂರು ರಾಮಚಂದ್ರ ರಾಯರು, ಉತ್ತರದ ಶೈಲಿಯಾದ ಬಡಗಿನ ಮಂಟಪ ಪ್ರಭಾಕರ ಉಪಾಧ್ಯರು ಸ್ತ್ರೀಪಾತ್ರಗಳಿಗೆ ತಂದ ಗೌರವವನ್ನು ನೀವು ಬಲ್ಲಿರಿ. ಅವರ ವೇಷಕ್ಕೆ ಕೈಮುಗಿಯುವ ನಾವು, ಅದೇ ಪರಂಪರೆಯ ಹುಡುಗ ಮನೆಯ ಬಾಗಿಲಿಗೆ ಅಳಿಯನಾಗಿ ಬಂದಾಗ ಮುಖ ಸಣ್ಣ ಮಾಡುವುದು ಸರಿಯಲ್ಲ. ನೀವು ಆ ಸಾಲನ್ನು ಹೊಡೆದುಹಾಕಿದ್ದೇ ನಿಮ್ಮ ಮನಸ್ಸಿಗೂ ಅದು ಒಪ್ಪಿಗೆಯಾಗಲಿಲ್ಲ ಎಂಬುದಕ್ಕೆ ಸಾಕ್ಷಿ ಎಂದು ಭಾವಿಸಿದ್ದೇನೆ. ಜನ ಆಡಿಕೊಳ್ಳುತ್ತಾರೆ ಎಂಬ ಅಂಜಿಕೆಗೆ ನಾನು ಹೆಚ್ಚು ಜಾಗ ಕೊಡುವುದಿಲ್ಲ.

ಇದಕ್ಕೆ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ರಂಗದ ಮೇಲೆ ಪ್ರಭಾವತಿಯ ನೋವನ್ನು ಆಡಿ ತೋರಿಸಿದವನು ಮನೆಯಲ್ಲಿ ಹೆಂಡತಿಯ ಮಾತಿಗೆ ಕಿವಿಗೊಡುತ್ತಾನೆ ಎಂಬ ಖಾತರಿಯಿಲ್ಲ. ಹಾಗೆ ಕೊಡುವವರನ್ನು ಕಂಡಿದ್ದೇನೆ, ಕೊಡದವರನ್ನೂ ಕಂಡಿದ್ದೇನೆ. ನಿಮ್ಮ ಮಗಳು ಮೆಚ್ಚಿರುವುದು ದೀಪದ ಬೆಳಕಿನ ವೇಷವನ್ನೋ, ವೇಷ ಕಳಚಿದ ಹುಡುಗನನ್ನೋ ಎಂಬುದು ಅವಳೊಬ್ಬಳೇ ಹೇಳಬಲ್ಲ ಸಂಗತಿ. ಅದನ್ನು ಅವಳನ್ನು ಕೇಳಿ. ಬೈಯದೆ, ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಕೇಳಿ.

ಇನ್ನು ರಾತ್ರಿಯ ವಿಚಾರ. ಮಾವನ ಕಾಲಕ್ಕೂ ಇಂದಿಗೂ ಇಲ್ಲಿ ದೊಡ್ಡ ವ್ಯತ್ಯಾಸವಾಗಿದೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬ ನಿಯಮ ಬಂದ ಮೇಲೆ ಹಲವು ಮೇಳಗಳು ಕಾಲಮಿತಿಗೆ ಇಳಿದಿವೆ; ಸಂಜೆ ತೊಡಗಿ ನಡುರಾತ್ರಿಯ ಒಳಗೆ ಮಂಗಳ ಹಾಡುತ್ತಾರೆ. ಕಲಾವಿದರು ಮೇಳದ ಜೊತೆಗೆ ಊರೂರು ತಿರುಗುವುದು ಕಡಿಮೆಯಾಗಿ, ಬಣ್ಣ ತೊಳೆದು ಬೈಕು ಹತ್ತಿ ಮನೆಗೇ ಬರುತ್ತಾರೆ. ಬೆಳಗಿನ ಝಾವದ ಪ್ರಸಂಗಗಳ ರಂಗು ಹೋಯಿತೆಂದು ಹಳೆಯ ಪ್ರೇಕ್ಷಕರಿಗೆ ದುಃಖವಿದೆ, ನನಗೂ ಇದೆ. ಆದರೆ ಮೇಳದವರ ಹೆಂಡಂದಿರನ್ನು ಯಾರೂ ಕೇಳಿಲ್ಲ, ಕೇಳಿದರೆ ಅವರ ಉತ್ತರ ಬೇರೆ ಇದ್ದೀತು. ಬೈಕಿನ ದಾರಿಯೂ ಅಪಾಯದ್ದೇ. ಬಡಗುತಿಟ್ಟಿನ ಭಾಗವತಿಕೆಗೆ ಹೊಸ ಜೀವ ಕೊಟ್ಟ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರು ಮೂವತ್ತರ ಆಸುಪಾಸಿನವರು. ಆ ಸುದ್ದಿ ಬಂದ ದಿನ ಅತ್ತೆ ಇಡೀ ದಿನ ಮಾತಾಡಲಿಲ್ಲ. ನಿದ್ದೆಗೆಟ್ಟು ಬೈಕು ಓಡಿಸುವುದಿಲ್ಲ, ದೂರದ ಆಟವಾದರೆ ಅಲ್ಲೇ ಮಲಗಿ ಬೆಳಗ್ಗೆ ಬರುತ್ತೇನೆ ಎಂಬ ಮಾತನ್ನು ಹುಡುಗನಿಂದ ತೆಗೆದುಕೊಳ್ಳಿ. ಮದುವೆಯ ಮಾತುಕತೆಯಲ್ಲಿ ಚಿನ್ನದ ವಿಚಾರಕ್ಕಿಂತ ಮೊದಲು ಇದು ಬರಲಿ.

ನಿಮ್ಮ ಮಗಳು ಬೆಳಗ್ಗೆ ಒಂಬತ್ತಕ್ಕೆ ಬ್ಯಾಂಕಿಗೆ ಹೊರಡುವವಳು, ಅವನು ರಾತ್ರಿ ಒಂದು ಗಂಟೆಗೆ ಬಂದು ಮಲಗುವವನು. ಇಬ್ಬರೂ ಎಚ್ಚರವಾಗಿದ್ದು ಮುಖ ನೋಡುವ ಹೊತ್ತು ದಿನಕ್ಕೆ ಒಂದು ಗಂಟೆಯೂ ಸಿಗದಿರಬಹುದು. ಮಗುವಾದ ಮೇಲೆ ಆ ಒಂದು ಗಂಟೆಗೂ ಕುತ್ತು. ಅವಳಿಗೆ ವರ್ಗವಾದರೆ ಯಾರು ಯಾರ ಹಿಂದೆ ಹೋಗುವುದು? ಮಳೆಗಾಲದಲ್ಲಿ ಅವನು ಮನೆಯಲ್ಲಿದ್ದಾಗ ಅಡುಗೆ, ಮಗುವಿನ ಆರೈಕೆ ಅವನ ಕೈಗೆ ಬರುತ್ತದೆಯೇ, ಅಥವಾ ತಿರುಗಾಟದ ದಣಿವು ಆರಿಸಿಕೊಳ್ಳುವ ಕಾಲವೆಂದು ಅದೂ ಕಳೆದುಹೋಗುತ್ತದೆಯೇ? ಸಂಬಳ ಅವಳದ್ದೇ ಹೆಚ್ಚೆಂದು ನಿಮ್ಮ ಪತ್ರದಿಂದ ಊಹಿಸಿದ್ದೇನೆ. ಅದನ್ನು ಅವನು ನಿರಾಳವಾಗಿ ಒಪ್ಪಿ ಬಾಳಬಲ್ಲನೇ? ಇವುಗಳಿಗೆ ಪ್ರೀತಿ ಉತ್ತರ ಕೊಡುವುದಿಲ್ಲ. ಪ್ರೀತಿಯಿದ್ದರೆ ಈ ಪ್ರಶ್ನೆಗಳನ್ನು ಮುಖ ಕೆಡಿಸಿಕೊಳ್ಳದೆ ಕೂತು ಮಾತಾಡಲು ಆಗುತ್ತದೆ, ಅಷ್ಟೇ. ನಿಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿಲ್ಲ.

ಒಬ್ಬರ ಕಲೆ ಇನ್ನೊಬ್ಬರ ಹೆಗಲ ಮೇಲೆಯೇ ನಿಲ್ಲಬೇಕೆಂದೇನೂ ಇಲ್ಲ ಎಂಬುದಕ್ಕೆ ನಮ್ಮ ಕರಾವಳಿಯಲ್ಲೇ ಒಂದು ದಾಂಪತ್ಯವಿತ್ತು. ಶಾಸ್ತ್ರೀಯ ಸಂಗೀತ ಕಲಿತಿದ್ದ ಲೀಲಾವತಿ ಬೈಪಾಡಿತ್ತಾಯರು ಮದುವೆಯಾದ ಮೇಲೆ, ಹಿಮ್ಮೇಳದಲ್ಲಿ ಚೆಂಡೆ, ಮದ್ದಳೆ ನುಡಿಸುವ ಕಲಾವಿದರಾದ ಪತಿ ಹರಿನಾರಾಯಣ ಬೈಪಾಡಿತ್ತಾಯರಿಂದ ಯಕ್ಷಗಾನದ ಭಾಗವತಿಕೆಯನ್ನು ಕಲಿತರು. ಗಂಡಸರದ್ದೇ ಆಗಿದ್ದ ವೃತ್ತಿಮೇಳದ ರಂಗಸ್ಥಳದಲ್ಲಿ ಜಾಗಟೆ ಹಿಡಿದು ಕೂತು ರಾತ್ರಿಯಿಡೀ ಪದ ಹೇಳಿ ಆಟ ನಡೆಸಿದ ಮೊದಲ ಮಹಿಳೆ ಎನಿಸಿದರು. 2024ರಲ್ಲಿ ಅವರು ತೀರಿಕೊಂಡರು. ಭಾಗವತರಿಗೆ ಚೆಂಡೆ, ಮದ್ದಳೆಯವರು ಒತ್ತು ಕೊಡದಿದ್ದರೆ ಪದ ನಿಲ್ಲುವುದಿಲ್ಲ ಎಂಬುದನ್ನು ಆಟ ಬಲ್ಲವರು ಬಲ್ಲರು. ಪದ ಹೇಳುವ ಹೆಂಡತಿಗೆ ಗಂಡ ಒತ್ತಾಗಿ ನಿಂತು ನುಡಿಸಿದ ಆ ರಾತ್ರಿಗಳನ್ನು ನೆನೆದರೆ, ನನ್ನ ಅತ್ತೆಗೂ ಹೀಗೊಂದು ಪಾಲು ಸಿಕ್ಕಿದ್ದರೆ ಎಂದು ಮನಸ್ಸು ಹಂಬಲಿಸುತ್ತದೆ. ನಿಮ್ಮ ಮಗಳು ಭಾಗವತಿಕೆ ಕಲಿಯಬೇಕೆಂದು ನಾನು ಹೇಳುತ್ತಿಲ್ಲ. ಅವಳ ಬ್ಯಾಂಕಿನ ಕೆಲಸಕ್ಕೂ, ಅವಳಿಗೆ ಮುಂದೆ ಬರಬಹುದಾದ ಬಡ್ತಿಗೂ ಅವನು ಅದೇ ರೀತಿ ಒತ್ತಾಗಿ ನಿಲ್ಲುತ್ತಾನೆಯೇ ಎಂದು ನೋಡಿ ಎನ್ನುತ್ತಿದ್ದೇನೆ.

ಜಾತಕ ಕೂಡಿಬಂದಿಲ್ಲವೆಂದು ಒಂದು ಸಾಲು ಬರೆದಿದ್ದೀರಿ. ಅದನ್ನು ನಿಮ್ಮ ಮನೆಯವರ ನಂಬಿಕೆಗೆ ಬಿಟ್ಟಿದ್ದೇನೆ.

ನಾನು ನಿಮಗೆ ಕೊಡಬಹುದಾದ ಸಲಹೆ ಇಷ್ಟು. ಈ ತಿರುಗಾಟ ಮುಗಿಯುವ ಮೊದಲು ಒಂದು ಸಂಜೆ ಮಗಳನ್ನು ಕರೆದುಕೊಂಡು ಅವನ ಮೇಳದ ಆಟಕ್ಕೆ ಹೋಗಿ. ಮುಂದಿನ ಸಾಲಿನ ಕುರ್ಚಿ ಬೇಡ. ಚೌಕಿಪೂಜೆಯ ಹೊತ್ತಿಗೆ ತಲುಪಿ, ಪ್ರಸಾದ ತೆಗೆದುಕೊಂಡು, ಅನುಮತಿ ಕೇಳಿ ಚೌಕಿಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹಿರಿಯ ವೇಷಧಾರಿಗಳ ಜೊತೆಗೂ ಪೆಟ್ಟಿಗೆ ಹೊರುವ ಆಳುಗಳ ಜೊತೆಗೂ ಅವನು ಹೇಗೆ ಮಾತಾಡುತ್ತಾನೆ ನೋಡಿ. ಪೆಟ್ಟಿಗೆಯವರ ಜೊತೆಗಿನ ಮಾತನ್ನು ಹೆಚ್ಚು ಗಮನಿಸಿ. ಆಟ ಮುಗಿದು ಅವನು ಬಣ್ಣ ತೆಗೆದು ಬಂದ ಮೇಲೆ, ಹಸಿದು ದಣಿದ ಆ ಹೊತ್ತಿನಲ್ಲಿ, ನಿಮ್ಮ ಪ್ರಶ್ನೆಗಳಲ್ಲಿ ಒಂದನ್ನಾದರೂ ಕೇಳಿ. ಮೇಳದ ಬೇರೆ ಕಲಾವಿದರ ಮನೆಗಳಲ್ಲಿ ನಿಮಗೆ ಗುರುತಿನ ಹೆಂಗಸರಿದ್ದರೆ, ಅವರಲ್ಲಿ ಇಬ್ಬರನ್ನು ಮಗಳಿಗೆ ಭೇಟಿ ಮಾಡಿಸಿ. ನಾನು ಬರೆದದ್ದಕ್ಕಿಂತ ಹೆಚ್ಚಿನದನ್ನು ಅವರು ಹೇಳುತ್ತಾರೆ.

ಅದಾದ ಮೇಲೆ ನಿಮ್ಮ ಮನಸ್ಸು ಒಪ್ಪಿದರೆ, ಲಗ್ನವನ್ನು ಏಪ್ರಿಲ್‌ನಲ್ಲಿ ಇಡಬೇಡಿ. ಉಳಿದವರಿಗೆಲ್ಲ ಅದು ಮದುವೆಯ ಕಾಲ, ಮೇಳದವರಿಗೆ ಒಂದು ರಾತ್ರಿಯೂ ಬಿಡುವಿಲ್ಲದ ಕಾಲ. ನನ್ನ ಮಾವ ತಾಳಿ ಕಟ್ಟಿದ ಮರುದಿನವೇ ವೇಷ ಕಟ್ಟಲು ಹೋದವರು. ಪತ್ತನಾಜೆ ಕಳೆದು ಆಷಾಢ ಹಿಡಿಯುವುದರೊಳಗೆ ಕೆಲವು ದಿನಗಳು ಸಿಗುತ್ತವೆ. ಪುರೋಹಿತರಿಗೆ ಆ ದಿನಗಳಲ್ಲೇ ಮುಹೂರ್ತ ನೋಡಲು ಹೇಳಿ. ಮಳೆ ಬಂದರೆ ಚಪ್ಪರಕ್ಕೆ ತಗಡು ಹೊದಿಸಿದರಾಯಿತು. ಆಮೇಲೆ ನವೆಂಬರ್‌ವರೆಗೆ ಅವರಿಬ್ಬರಿಗೂ ರಾತ್ರಿಗಳಿರುತ್ತವೆ.

ವಿಶ್ವಾಸದಿಂದ,
ಸಂಪಾದಕ